ಗಿರಿಜಾಳ ಏಣಿ ಹತ್ತಲು ಹೋದ ನಾನು

ನಮ್ಮೂರು ನಾರಾಯಣಪೇಟೆ ಜಿಲ್ಲೆಯಾದ ವರ್ಷ ನಮ್ಮವ್ವ ತೀರಿಕೊಂಡಳು. ಆ ಹೊತ್ತಿಗೆ ಹತ್ತು ವರ್ಷದ ಮಗಳು ಗಿರಿಜಾ ಶಾಲೆಯಲ್ಲಿದ್ದಳು. ನಾನು ಸೀರೆಗಂಟು ಹೊತ್ತು ಮಾರಲು ಗದ್ವಾಲಕ್ಕೆ ಹೋಗಿದ್ದೆ. ಅಂದಿನಿಂದ ಗಿರಿಜಾ ಶಾಲೆಗೆ ಹೊರಟರೆ ಬಾಗಿಲು ಹಿಡಿದು ನಿಲ್ಲುವಳು.

"ನಾ ಹ್ವಾದ್ರ ಮನ್ಯಾಗ ಯಾರರ ಸಾಯ್ತಾರ."

ರಾಯಚೂರಿನಲ್ಲಿ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಡಾಕ್ಟರಮ್ಮ ಅವಳ ಮಾತು ಪೂರ್ತಿ ಕೇಳಿ, ಒಂದು ಏಣಿಯ ಚಿತ್ರ ಬರೆದುಕೊಟ್ಟರು. ಮೊದಲ ಮೆಟ್ಟಿಲು, ಶಾಲೆಯ ಗೇಟಿನವರೆಗೆ ಹೋಗಿಬರುವುದು. ಎರಡನೆಯದು, ಒಳಗೆ ಅರ್ಧ ಗಂಟೆ. ಹತ್ತನೆಯದು, ಇಡೀ ದಿನ. ಹೆದರಿದ್ದು ನಿಜವಾಯಿತೋ ಇಲ್ಲವೋ ಅವಳೇ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

"ಏನೂ ಆಗಂಗಿಲ್ಲ ಅಂತ ನೀವು ಘಳಿಗಿಗೊಮ್ಮೆ ಹೇಳಬ್ಯಾಡ್ರಿ. ಅಕಿನೇ ಕಂಡುಕೊಳ್ಳಲಿ."

ಇಷ್ಟೇನಾ! ಇಪ್ಪತ್ತು ವರ್ಷ ಗಿರಾಕಿಗಳನ್ನು ಒಪ್ಪಿಸಿದ ನನಗೆ ಹೆತ್ತ ಮಗಳನ್ನು ಒಪ್ಪಿಸಲಾಗದೇ? ಎರಡು ದಿನ ಗೇಟು ಮುಟ್ಟಿ ಬಂದೆವು. ಮೂರನೆಯ ದಿನ ಸೀದಾ ಹತ್ತನೇ ಮೆಟ್ಟಿಲು!

"ಡಾಕ್ಟರಮ್ಮ ಹಂಗ ಹೇಳಿಲ್ಲರೀ," ಎಂದಳು ಹೆಂಡತಿ ಶಾಂತಾ.

ಗಿರಿಜಾ ಅತ್ತಳು. "ತಾಸಿಗೊಮ್ಮೆ ಶಾಲಿಗೆ ಫೋನ್ ಮಾಡಿ, ಎಲ್ಲಾರೂ ಬದುಕೀವಿ ಅಂತ ಹೇಳ್ತೀನಿ" ಎಂದು ಮಾತು ಕೊಟ್ಟೆ. ಅಂತೆಯೇ ಹನ್ನೊಂದಕ್ಕೆ ಶಾಲೆಯ ಜವಾನ ತರಗತಿಯ ಬಾಗಿಲಲ್ಲಿ ನಿಂತು ಘೋಷಿಸಿದನಂತೆ: "ಗಿರಿಜಾ, ನಿಮ್ಮಪ್ಪ ಇನ್ನಾ ಬದುಕ್ಯಾನಂತ!" ಹನ್ನೆರಡಕ್ಕೂ, ಒಂದಕ್ಕೂ ಬದುಕಿದ್ದೆ. ಆಮೇಲೆ ಊಟ ಮಾಡಿ, ನೊಣದ ಕಾಟಕ್ಕೆ ಮುಖವೂ ಮುಚ್ಚುವಂತೆ ಧೋತರ ಹೊದ್ದು ಮಲಗಿದೆ. ಐದೇ ನಿಮಿಷ ಅಂದುಕೊಂಡು!

ಎರಡಕ್ಕೆ ಫೋನು ಹೋಗಲಿಲ್ಲ. ಗಿರಿಜಾ ಬರಿಗಾಲಲ್ಲಿ ಮನೆಗೆ ಓಡಿ ಬಂದಳು. ಕಂಡದ್ದು, ನಡುಮನೆಯಲ್ಲಿ ಅಡಿಯಿಂದ ಮುಡಿತನಕ ಬಿಳಿಬಟ್ಟೆ ಹೊದ್ದ ಅಪ್ಪ.

ಅವಳ ಚೀರಾಟಕ್ಕೆ ನಾನು ಎದ್ದು ಕೂತೆ. ಅವಳು ಇನ್ನೂ ಹೆದರಿ ಗೋಡೆಗೆ ಅಂಟಿಕೊಂಡಳು. ಆಮೇಲೆ ಒಂಬತ್ತು ದಿನ ಗೇಟಿನ ಮಾತೂ ಇಲ್ಲ. ನನ್ನ ಅಂಗಿಯ ತುದಿ ಹಿಡಿದೇ ತಿರುಗುತ್ತಿದ್ದಳು. ನಗುವಂಥದ್ದೇನೂ ಇರಲಿಲ್ಲ.

"ಏಣ್ಯಾಗ ಈ ಫೋನು ಎಲ್ಲಿತ್ತರಿ?" ಮತ್ತೆ ರಾಯಚೂರಿಗೆ ಹೋದಾಗ ಡಾಕ್ಟರಮ್ಮ ಕೇಳಿದರು.

"ಧೈರ್ಯ ಹೇಳಾಕ..."

"ಯಾರಿಗೆ?"

ಶಾಂತಾ ಹೇಳಿದಳು: "ಅತ್ತಿ ಹೋದಾಗ ಇವರೂ ಊರಾಗ ಇರಲಿಲ್ಲರಿ. ಅವತ್ತಿಂದ ನಾ ಕಾಯಿಪಲ್ಯಾ ತರಾಕ ಹ್ವಾದ್ರೂ ನಾಕು ಸಲ ಫೋನ್ ಮಾಡ್ತಾರ."

ಡಾಕ್ಟರಮ್ಮ ಇನ್ನೊಂದು ಏಣಿ ಬರೆದರು. ನನಗೆ! ಮೊದಲ ಮೆಟ್ಟಿಲು, ಶಾಂತಾಳಿಗೆ ದಿನಕ್ಕೆ ಎರಡೇ ಫೋನು.

ಗಿರಿಜಾ ಮತ್ತೆ ಗೇಟಿನಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ, ಈಗ ಇಡೀ ದಿನ ಕೂರುತ್ತಾಳೆ. ಸಂಜೆ ಬಂದು ನನ್ನ ನೋಟ್‌ಬುಕ್ ತೆರೆಯುತ್ತಾಳೆ.

"ಇವತ್ತ ಅವ್ವಗ ಎಷ್ಟು ಸಲ ಫೋನ್ ಮಾಡಿದಿ?"

"ಒಂದ ಸಲ."

"ಏಳು!" ಅಡುಗೆಮನೆಯಿಂದ ಶಾಂತಾ ಕೂಗುತ್ತಾಳೆ.

ಗಿರಿಜಾ ಕೆಂಪು ಪೆನ್ನಿನಿಂದ ಗೀಟು ಹೊಡೆದು, ಗಂಭೀರವಾಗಿ ನನ್ನ ಬೆನ್ನು ತಟ್ಟುತ್ತಾಳೆ. "ಇರಲಿ ಬಿಡಪ್ಪ. ನಾಳಿ ಮತ್ತ ಮೊದಲನೇದು ಮಾಡು."