ಮಾವನವರ ಕಾರು ತೂರದ ಬಾಗಿಲು

ತಪಾಸಣೆ ಮಾಡುವವನಿಗೆ ಈ ಲೋಕದಲ್ಲಿ ಯಾರೂ ಪ್ರೀತಿಯಿಂದ ಚಹಾ ಕೊಡುವುದಿಲ್ಲ. ಕೊಟ್ಟರೆ ಅದರ ಹಿಂದೆ ಏನೋ ಕೆಲಸವಿದೆ ಎಂದೇ ಅರ್ಥ. ಮುಲುಂಡಿನ ಒಂದು ಕಾರ್ಖಾನೆಯಲ್ಲಿ ನಾನು ಇನ್ಸ್‌ಪೆಕ್ಷನ್ ಖಾತೆಯಲ್ಲಿದ್ದೆ. ಬೇರೆಯವರು ಬೆವರು ಸುರಿಸಿ ಮಾಡಿದ ಸಾಮಾನನ್ನು ಅಳೆದು, ಇದು ಪಾಸ್, ಇದು ಫೇಲ್ ಎಂದು ಹೇಳುವುದಕ್ಕೆ ನನಗೆ ಸಂಬಳ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುತ್ತಿದ್ದ ಮೊದಲ ಮಾತು, ‘ಅಳೆಯುವ ಮೊದಲು ಅಳತೆಯ ಸಾಮಾನು ಒರೆಸಿಕೊಳ್ಳಿ’ ಎಂಬುದು. ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಂಡಿರಿ. ನಾನು ಇಟ್ಟುಕೊಳ್ಳಲಿಲ್ಲ.

ಈ ಚಾಳಿ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ. ಸಯನ್ ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಕೊಳ್ಳಲು ನನ್ನನ್ನು ಕಳಿಸುವುದನ್ನು ನನ್ನ ಹೆಂಡತಿ ವಿಮಲಾ ಮದುವೆಯಾದ ವರ್ಷವೇ ನಿಲ್ಲಿಸಿದಳು. ನಾನು ಒಂದೊಂದೇ ಕಾಯಿಯ ತುದಿ ಮುರಿದು ನೋಡುವಷ್ಟರಲ್ಲಿ ತರಕಾರಿಯವಳು ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಿದ್ದಳಂತೆ. ಅದಿರಲಿ, ಹುಡುಗಿ ನೋಡಲು ಹುಬ್ಬಳ್ಳಿಗೆ ಹೋದಾಗಲೇ ನನ್ನ ಗುಣ ಬಯಲಾಗಿತ್ತು. ಕುರ್ಚಿಯ ಮೇಲೆ ಕೂತವನೇ, ‘ಇದರ ಒಂದು ಕಾಲು ಗಿಡ್ಡ ಇದೆಯಲ್ಲ’ ಎಂದುಬಿಟ್ಟೆ. ಹುಡುಗಿ ಇನ್ನೂ ಒಳಗಿನಿಂದ ಬಂದಿರಲಿಲ್ಲ. ಹುಡುಗಿಯ ಅಪ್ಪ ರೈಲ್ವೆಯಲ್ಲಿ ಇಂಜಿನ್ ಡ್ರೈವರ್. ಅವರು ಕುರ್ಚಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ‘ಮಗಳ ಕಾಲು ಎರಡೂ ಸರಿ ಅವ, ನೋಡ್ಕೋರಿ’ ಎಂದರು. ಮದುವೆಯಾಯಿತು. ಆದರೆ ಆ ಕುರ್ಚಿಯನ್ನು ಮಾವನವರು ಮರೆಯಲಿಲ್ಲ.

ಅತ್ತೆ ತೀರಿಕೊಂಡು, ಮಾವನವರಿಗೆ ನಿವೃತ್ತಿಯೂ ಆದ ಮೇಲೆ ವಿಮಲಾ ಅವರನ್ನು ಸಯನ್ನಿನ ನಮ್ಮ ಎರಡು ಕೋಣೆಯ ಮನೆಗೆ ಕರೆತಂದಳು. ಜನ್ಮವೆಲ್ಲ ಇಂಜಿನ್ ಓಡಿಸಿದ ಮನುಷ್ಯ, ಕಿಟಕಿಯ ಹತ್ತಿರ ಕೂತು ಲೋಕಲ್ ಗಾಡಿಗಳ ಸದ್ದು ಕೇಳುತ್ತ, ‘ಬ್ರೇಕ್ ತಡಾ ಹಾಕಿದಾ ಮಗಾ’ ಎಂದು ಗೊಣಗುವುದು ಬಿಟ್ಟರೆ ಮಾತಿಲ್ಲ. ಊಟಕ್ಕೆ ಕೂತರೆ ‘ಹೂಂ’, ಎದ್ದರೆ ‘ಹೂಂ’. ಮನೆಯಲ್ಲಿ ಎಲ್ಲದಕ್ಕೂ ಅಭಿಪ್ರಾಯ ಕೊಡುವ ನನಗೆ ಆ ಹೂಂಗಳು ದೊಡ್ಡ ಹಿಂಸೆ. ವಿಮಲಾಗೆ ಸಂಕಟ.

ಒಂದು ಭಾನುವಾರ ಮಾಟುಂಗಾಕ್ಕೆ ವೀಳ್ಯದೆಲೆ ತರಲು ಹೋದವರು ಕತ್ತಲಾದ ಮೇಲೆ ಬಂದರು, ಎಲೆಯಿಲ್ಲದೆ. ಒಂದು ಇರಾಣಿ ಹೋಟೆಲಿನ ಮಾಳಿಗೆಯಿಂದ ಏನೋ ಗುಂಯ್ ಎನ್ನುವ ಸದ್ದು ಕೇಳಿ ಮೆಟ್ಟಿಲು ಹತ್ತಿದರಂತೆ. ಅಲ್ಲಿ ಫ್ರಾಮ್‌ಜಿ ಎಂಬ ಪಾರ್ಸಿ ಮುದುಕನ ಸ್ಲಾಟ್ ಕಾರ್ ಕ್ಲಬ್ಬು. ದೊಡ್ಡ ಹಲಗೆಯ ಮೇಲೆ ಹಾವಿನ ಹಾಗೆ ಸುತ್ತುವ ಹಾದಿ, ಹಾದಿಯ ನಡುವೆ ಒಂದು ಸೀಳು, ಸೀಳಿನ ಎರಡೂ ಬದಿಗೆ ವಿದ್ಯುತ್ತಿನ ಪಟ್ಟಿ. ಅಂಗೈಯಗಲದ ಕಾರಿನ ಹೊಟ್ಟೆಯಿಂದ ಇಳಿದ ಒಂದು ನಾಲಿಗೆ ಆ ಸೀಳಿನಲ್ಲಿ ಕೂರುತ್ತದೆ. ಕೈಯಲ್ಲಿನ ಗುಂಡಿ ಒತ್ತಿದರೆ ಕಾರು ಓಡುತ್ತದೆ. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಹಾರಿ ಹೋಟೆಲಿನ ಕಿಟಕಿಗೆ ಬಡಿಯುತ್ತದೆ. ಮಾವನವರು ಅಂದು ರಾತ್ರಿ ಅನ್ನದ ಮುಂದೆ ಕೂತು ಇದನ್ನೆಲ್ಲ ತಾವಾಗಿ ಹೇಳಿದರು. ಸಾರು ಆರಿಹೋಯಿತು. ವಿಮಲಾ ಮತ್ತೆ ಬಿಸಿ ಮಾಡಿ ತಂದಳು, ಕಣ್ಣು ಒರೆಸಿಕೊಂಡು.

ಅಲ್ಲಿಂದ ನಮ್ಮ ಊಟದ ಟೇಬಲ್ಲು ವರ್ಕ್‌ಶಾಪ್ ಆಯಿತು. ಎಲ್ಲಿಂದಲೋ ತಂದ ಮೋಟಾರು, ತಗಡಿನ ಮೈ, ರಬ್ಬರಿನ ಟೈರು. ಉಪ್ಪಿಟ್ಟಿನಲ್ಲಿ ಬೆಸುಗೆಯ ವಾಸನೆ. ಅಳಿಯ ಇನ್ಸ್‌ಪೆಕ್ಟರ್ ಎಂದು ಮಾವನವರು ಬಾಯಿಬಿಟ್ಟದ್ದೇ ತಡ, ಫ್ರಾಮ್‌ಜಿ ನನಗೆ ಒಂದು ಕಪ್ ಚಹಾ ಕುಡಿಸಿದ. ನಾನು ಮೊದಲೇ ಹೇಳಲಿಲ್ಲವೇ? ಪರದೇಶದ ಯಾವುದೋ ಪತ್ರಿಕೆಯಿಂದ ಅವನು ನಿಯಮ ಇಳಿಸಿಕೊಂಡಿದ್ದ: ಕಾರು ಇಷ್ಟು ಅಗಲ ಮೀರಬಾರದು, ಹೊಟ್ಟೆ ನೆಲಕ್ಕೆ ತಾಗಬಾರದು, ಟೈರಿಗೆ ಅಂಟು ಹಚ್ಚಬಾರದು. ಪಂದ್ಯದ ದಿನ ಇದನ್ನೆಲ್ಲ ನೋಡಿ ಕಾರನ್ನು ಒಳಗೆ ಬಿಡುವವನು ಬೇಕಿತ್ತು. ನಾನು ಒಪ್ಪಿದೆ. ಹೊಟ್ಟೆ ನೋಡಲು ಹಾದಿಯ ಮೇಲೆ ಕಾರಿನಡಿ ತೂರಿಸುವ ಒಂದು ಹಳೆಯ ಬ್ಲೇಡು, ಅಗಲ ನೋಡಲು ನಾನೇ ಖರ್ಚು ಮಾಡಿ ಮಾಡಿಸಿದ ಹಿತ್ತಾಳೆಯ ಚೌಕಟ್ಟು. ಪುಟ್ಟ ಬಾಗಿಲಿನ ಹಾಗಿತ್ತು. ಕಾರು ಅದರೊಳಗಿಂದ ತೂರಿ ಬಂದರೆ ಪಾಸ್, ಸಿಕ್ಕಿಕೊಂಡರೆ ಫೇಲ್. ಅಗಲ ಇದ್ದಷ್ಟೂ ಕಾರು ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಎಲ್ಲರೂ ಬಾಗಿಲಿಗೆ ಉಜ್ಜಿಕೊಂಡೇ ಹೋಗುವಂತೆ ಕಾರು ಕಟ್ಟುತ್ತಿದ್ದರು.

ತೊಂದರೆಯೆಂದರೆ, ಮಾವ ಓಡಿಸುವವರು, ಅಳಿಯ ಪಾಸು ಮಾಡುವವನು. ಬೊರಿವಲಿಯಿಂದ ಬರುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರು, ಪಟೇಲ್ ಅಂತ, ಪ್ರತಿ ವಾರ ನಗುತ್ತಲೇ ಕೇಳುತ್ತಿದ್ದ: ‘ಕ್ಯಾ ರಾವ್ ಸಾಬ್, ಸಸುರ್‌ಜೀ ಕಾ ಪಾಸ್ ಘರ್ ಪೇ ಹೀ ಹೋ ಗಯಾ?’ ಮಾವನ ಕಾರು ಮನೆಯಲ್ಲೇ ಪಾಸಾಯಿತೇ ಎಂಬ ಈ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ವರ್ಷದ ದೊಡ್ಡ ಪಂದ್ಯ ದಸರಾ ಮುಗಿದ ಭಾನುವಾರ. ಅಂದು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಮಾವನವರ ಕಾರನ್ನೇ ನೋಡುತ್ತೇನೆ ಎಂದು ಶಪಥ ಮಾಡಿಕೊಂಡೆ. ಮಾವನವರು ಆ ಪಂದ್ಯಕ್ಕಾಗಿ ಮಳೆಗಾಲವೆಲ್ಲ ಕೂತು ಹೊಸ ಕಾರು ಕಟ್ಟಿದ್ದರು. ವಿಮಲಾ ಅಂತೂ, ‘ಅಪ್ಪಾ ಇಷ್ಟು ಖುಷಿಯಿಂದ ಇದ್ದದ್ದು ಅವ್ವಾ ಹೋದ ಮ್ಯಾಲೆ ಇದೇ ಮೊದಲು. ನೀವು ನಡುವ ಬಾಯಿ ಹಾಕಬ್ಯಾಡ್ರಿ’ ಎಂದು ಎಚ್ಚರಿಕೆ ಕೊಟ್ಟಿದ್ದಳು.

ಖಂಡೇನವಮಿಯ ದಿನ ವಿಮಲಾ ಮನೆಯ ಆಯುಧಗಳನ್ನೆಲ್ಲ ದೇವರ ಮುಂದೆ ಜೋಡಿಸಿದಳು. ಹೊಲಿಗೆಯ ಮಶೀನು, ಈಳಿಗೆ, ಕತ್ತರಿ, ಮಾವನವರ ಕಾರು, ನನ್ನ ಹಿತ್ತಾಳೆ ಬಾಗಿಲು. ಮಾವನವರು ಹುಬ್ಬಳ್ಳಿಯಿಂದ ತಂದಿದ್ದ ಗಂಧದ ಕೊರಡನ್ನು ತಾವೇ ತೇಯ್ದು ಕೊಟ್ಟರು. ಆದರೆ ಕಾರಿನ ಸರದಿ ಬಂದಾಗ ಅಡ್ಡ ಕೈ ಹಿಡಿದರು. ‘ಇದಕ್ಕ ಒಂದು ಹೂವಾ ಏರಸು ಸಾಕು. ಗಂಧಾ ಮೆತ್ತಬ್ಯಾಡ. ರೂಲಿನ್ಯಾಗ ಬರೂದಿಲ್ಲ.’ ಅದರ ಪಾಲಿನ ಗಂಧವೂ ನನ್ನ ಬಾಗಿಲಿಗೇ ಬಂತು. ವಿಮಲಾ ಹೊರಗೆ ಕುಂಕುಮವಿಟ್ಟು, ಹೊಸ್ತಿಲು ಸಾರಿಸುವ ಭಕ್ತಿಯಲ್ಲಿ ಒಳಗೆಲ್ಲ ಗಂಧ ಸವರಿದಳು. ‘ಒರಸಬಾರದ್ರೀ. ತಾನಾಗೇ ಉದುರಬೇಕು’ ಎಂದಳು.

ಭಾನುವಾರ ಬಸ್ಸಿನಲ್ಲಿ ಕೂತಾಗ ನನಗೆ ಪಟೇಲನ ಮುಖ ನೆನಪಾಯಿತು. ಕುಂಕುಮ ಕಂಡರೆ ಅದಕ್ಕೂ ಏನಾದರೂ ಅಂದಾನು ಎಂದು ಕರ್ಚೀಪು ತೆಗೆದು, ಮಾವನವರಿಗೆ ಕಾಣದಂತೆ, ಹೊರಗಿನ ಕೆಂಪನ್ನೆಲ್ಲ ಒರೆಸಿದೆ. ಒಳಗೆ ಒಣಗಿ ಕೂತಿದ್ದ ಗಂಧ ಹಿತ್ತಾಳೆಯದೇ ಬಣ್ಣ. ನನ್ನ ಕಣ್ಣಿಗೆ ಬೀಳಲಿಲ್ಲ. ಎಂಥಾ ಇನ್ಸ್‌ಪೆಕ್ಟರ್ ನೋಡಿ!

ಮೊದಲ ಕಾರು ಸಿಕ್ಕಿಕೊಂಡಿತು. ಎರಡನೆಯದೂ ಸಿಕ್ಕಿಕೊಂಡಿತು. ಪಟೇಲನದೂ. ‘ದಸರೇ ಕಾ ಖಾನಾ ಗಾಡಿ ಕೋ ಭೀ ಲಗ್ ಗಯಾ ಕ್ಯಾ?’ ಎಂದು ಫ್ರಾಮ್‌ಜಿ ಹಬ್ಬದೂಟಕ್ಕೆ ಕಾರುಗಳೂ ದಪ್ಪಗಾದವೇನೋ ಎಂಬಂತೆ ತಲೆ ಕೆರೆದುಕೊಂಡ. ಬುದ್ಧಿಯಿದ್ದವನಾದರೆ ಅಲ್ಲೇ ಸಂಶಯಪಡಬೇಕಿತ್ತು. ನನಗೆ ಹಾಗಲ್ಲ, ಇಷ್ಟು ಜನರ ತಪ್ಪನ್ನು ಒಬ್ಬನೇ ಹಿಡಿದೆನಲ್ಲ ಎಂದು ಒಳಗೊಳಗೇ ಹಿಗ್ಗು. ‘ನಿಯಮ ಎಂದರೆ ನಿಯಮ’ ಎಂದೆ. ಅವರವರು ಉಜ್ಜುಕಾಗದ ತೆಗೆದು, ಶಪಿಸುತ್ತ, ಟೈರುಗಳ ಅಂಚು ತಿಕ್ಕಿ ತಿಕ್ಕಿ ಕಾರನ್ನು ಸಣ್ಣ ಮಾಡಿ ತೂರಿಸಿದರು.

ಕೊನೆಗೆ ಮಾವನವರು. ಅವರ ಕಾರೂ ನಡುಬಾಗಿಲಲ್ಲಿ ನಿಂತಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ‘ಫೇಲ್’ ಎಂದೆ, ಬೇಕಾದ್ದಕ್ಕಿಂತ ಜೋರಾಗಿ. ಪಟೇಲ್ ಪಾಪ ತನ್ನ ಉಜ್ಜುಕಾಗದವನ್ನು ತಾನೇ ಮುಂದೆ ಚಾಚಿದ.

ಮಾವನವರು ಅದನ್ನು ಮುಟ್ಟಲಿಲ್ಲ. ‘ನನ್ನ ಗಾಡಿ ಸರಿ ಅದ. ನಾ ಮನ್ಯಾಗ ಹತ್ತು ಸಲ ನೋಡೀನಿ. ನಿಮ್ಮ ಬಾಗಲಾನೇ ತಪ್ಪದ, ಅಳಿಯಂದಿರ.’

‘ಮಾವ, ಸ್ವಲ್ಪ ಉಜ್ಜಿದರೆ...’

‘ಸಿಗ್ನಲ್ ಕೆಟ್ಟದಂತ ಇಂಜಿನ್ನು ಕಡೀತಾರೇನು? ನಾ ಓಡಸೂದಿಲ್ಲ ಬಿಡ್ರಿ.’ ಕಾರನ್ನು ತಂದಿದ್ದ ಬಿಸ್ಕೀಟಿನ ಡಬ್ಬಿಯಲ್ಲಿಟ್ಟು, ಮೂಲೆಯ ಕುರ್ಚಿಯಲ್ಲಿ ಹೋಗಿ ಕೂತರು. ಆಮೇಲೆ ‘ಹೂಂ’ ಎಂದರು. ಅದೇ ಹಳೆಯ ಹೂಂ. ವಿಮಲಾಗೆ ಯಾವ ಮುಖ ತೋರಿಸಲಿ? ಆದರೆ ಹೇಳಿದ್ದನ್ನು ಹಿಂದೆ ತೆಗೆದುಕೊಂಡರೆ ಪಟೇಲನಿಗೆ ಯಾವ ಮುಖ ತೋರಿಸಲಿ?

ಅಷ್ಟರಲ್ಲಿ ಮಾವನವರು ಡಬ್ಬಿ ತೆರೆದರು. ಟೈರಿನ ಅಂಚಿಗೆ ಹಳದಿ ಪುಡಿ ಹತ್ತಿತ್ತು. ಬೆರಳಿಗೆ ತೆಗೆದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು. ಎದ್ದು ಬಂದು ನನ್ನ ಬಾಗಿಲನ್ನು ಎತ್ತಿಕೊಂಡು ಅದನ್ನೂ ಮೂಸಿದರು. ‘ಇದು ನಾ ತೇಯ್ದ ಗಂಧಾ!’ ಎಂದರು. ‘ವಿಮಿ ಒಳಗೆಲ್ಲಾ ಸಾರಿಸ್ಯಾಳ. ನೀವು ಒರಸಿಲ್ಲೇನು?’

ಫ್ರಾಮ್‌ಜಿ ಒದ್ದೆ ಬಟ್ಟೆ ತಂದ. ಬಾಗಿಲು ಸ್ವಚ್ಛವಾಯಿತು. ಮಾವನವರ ಕಾರು ಎರಡೂ ಬದಿ ಸವರಿಕೊಂಡು ತೂರಿ ಬಂತು. ‘ಪಾಸ್’ ಎಂದೆ, ಈ ಸಲ ಮೆತ್ತಗೆ. ಉಳಿದವರ ಕಾರುಗಳೂ ತೂರಿದವು, ಕೈ ಹೋಗುವಷ್ಟು ಜಾಗ ಬಿಟ್ಟು. ಉಜ್ಜಿದ ಟೈರು ಮತ್ತೆ ಬೆಳೆಯುವುದಿಲ್ಲವಲ್ಲ! ಪಂದ್ಯದಲ್ಲಿ ಆಗಬೇಕಾದ್ದೇ ಆಯಿತು. ತಿರುವು ಬಂದಾಗಲೆಲ್ಲ ಅವರ ಕಾರುಗಳು ಒಂದೊಂದಾಗಿ ಹಾರಿ ಬಿದ್ದವು. ಪಟೇಲನದು ಇರಾಣಿ ಹೋಟೆಲಿನ ಬೆಣ್ಣೆ ಹಚ್ಚಿದ ಬನ್ನಿನ ತಟ್ಟೆಯಲ್ಲಿ ಬಿತ್ತು. ಮಾವನವರ ಕಾರು ಮಾತ್ರ ಗೂಡ್ಸ್ ಗಾಡಿಯ ಗಾಂಭೀರ್ಯದಿಂದ ಸುತ್ತು ಹೊಡೆದು ಕಪ್ ಗೆದ್ದಿತು.

ನಾನು ಬೇಕೆಂದು ಮಾಡಲಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟೆ. ಯಾರು ನಂಬುತ್ತಾರೆ? ‘ಬಡಾ ಶಾಣಾ ನಿಕಲಾ ತುಮ್’ ಎಂದು ಫ್ರಾಮ್‌ಜಿ ನನ್ನ ಜಾಣತನ ಮೆಚ್ಚಿ ಬೆನ್ನು ತಟ್ಟಿದ. ಪಟೇಲ್ ಟೈರಿನಿಂದ ಬೆಣ್ಣೆ ಒರೆಸುತ್ತ, ‘ದಾಮಾದ್ ಹೋ ತೋ ಐಸಾ’, ಅಳಿಯನೆಂದರೆ ಹೀಗಿರಬೇಕು, ಎಂದ. ಆಮೇಲಿನ ಭಾನುವಾರಗಳಲ್ಲಿ ಕಾರು ಕೊಡುವ ಮೊದಲು ಒಬ್ಬೊಬ್ಬರೂ ನನ್ನ ಬಾಗಿಲನ್ನು ಎತ್ತಿ ಮೂಸಿ ನೋಡುವುದು ಕ್ಲಬ್ಬಿನ ಪದ್ಧತಿಯೇ ಆಗಿಹೋಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವನವರು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಯನ್ ಹತ್ತಿರ ಬಂದಾಗ ನನ್ನ ಕಿವಿಯ ಬಳಿ ಬಗ್ಗಿದರು.

‘ಖರೇ ಹೇಳ್ರಿ. ನನ್ನ ಸಲುವಾಗಿ ಮಾಡಿದ್ರೇನು?’

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕುರ್ಚಿಯ ಕಾಲಿನ ಮಾತಾದ ಮೇಲೆ ಅವರು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದೇ ಇಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಬಸ್ಸು ನಿಂತಿತು. ‘ಇಳಿಯೋಣ ಮಾವ’ ಎಂದೆ, ಅಷ್ಟೇ.

ಮನೆಗೆ ಬಂದವರೇ, ‘ವಿಮಿ, ಮೊದಲ ಅಳಿಯಂದಿರಿಗೆ ಛಲೋ ಚಹಾ ಮಾಡು’ ಎಂದು ಕೂಗಿದರು. ವಿಮಲಾ ಕಪ್ ನೋಡಿದ ಸಂಭ್ರಮದಲ್ಲಿ ಸಕ್ಕರೆ ಹಾಕಲು ಮರೆತಿದ್ದಳು. ಒಂದು ಗುಟುಕು ಕುಡಿದು ತಲೆಯೆತ್ತಿದೆ. ಅಪ್ಪ, ಮಗಳು ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

‘ಹ್ಯಾಂಗದ?’ ಎಂದು ಮಾವನವರು ಕೇಳಿದರು.

‘ಪಾಸ್’ ಎಂದೆ.