ಒಂದು ಪ್ರತಿ ಕಡಿಮೆ

ನಮ್ಮ ಸೋದರಮಾವ ದೇವರನ್ನು ನಂಬುತ್ತಿದ್ದರು; ಆದರೆ ಒಬ್ಬನೇ ದೇವರನ್ನು ನಂಬಿ ಕೂರುವವರಲ್ಲ! ಕೊಟ್ಟೂರಿನ ಗುಡಿಯಲ್ಲಿ ಏನನ್ನಾದರೂ ಬೇಡಿಕೊಂಡರೋ, ಅದೇ ವಾರ ಬಸ್ಸು ಹತ್ತಿ ಮೈಲಾರಕ್ಕೆ ಹೋಗಿ ಅದೇ ಬೇಡಿಕೆಯನ್ನು ಅಲ್ಲಿಯೂ ಅಕ್ಷರ ಬಿಡದೆ ಒಪ್ಪಿಸಿ ಬರುತ್ತಿದ್ದರು. ಯಾಕೆ ಮಾವ ಅಂದರೆ, "ಇಲ್ಲಿ ಮುಚ್ಚಿ ಹಾಕಿದ್ರ ಅಲ್ಲೊಂದು ಪ್ರತಿ ಇರ್ಲಿ" ಅನ್ನುವರು.

ಇದು ಭಕ್ತಿಯಲ್ಲ, ಕಸುಬಿನ ದೋಷ. ಕೂಡ್ಲಿಗಿ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಊರವರಿಗೆ ಅರ್ಜಿ ಬರೆದುಕೊಡುವುದು ಅವರ ಉದ್ಯೋಗ. ದಿನಾ ಬೆಳಿಗ್ಗೆ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೊರಟರೆ, ಬಗಲಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರ ತುಂಬಾ ಕಾರ್ಬನ್ ಹಾಳೆಗಳು. ಮಾವನ ಸಿದ್ಧಾಂತ ಬಹಳ ಸರಳ. ತಪ್ಪು ಮಾಡಿದವನಿಗೆ ಅರ್ಜಿ ಕೊಡಬಾರದು. ಅವನ ಮೇಲಿನವನಿಗೂ ಕೊಡಬಾರದು, ಯಾಕಂದರೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವವರು. ಕೊಟ್ಟರೆ ಮೇಲಿನವನ ಮೇಲಿನವನಿಗೆ ಕೊಡಬೇಕು, ಅವನಿಗೂ ಮೇಲಿನವರಿಗೆಲ್ಲ ಪ್ರತಿ ಹೋಗಬೇಕು. ಹೀಗಾಗಿ ಬೀದಿ ನಲ್ಲಿಯಲ್ಲಿ ನೀರು ಬಾರದಿದ್ದರೂ ಮಾವ ಬರೆದ ಅರ್ಜಿಯ ಕಟ್ಟಕಡೆಯ ಪ್ರತಿ ದಿಲ್ಲಿಗೇ ಹೋಗುತ್ತಿತ್ತು!

ಮನೆಯಲ್ಲಿಯೂ ಇದೇ ಪದ್ಧತಿ. ನಾನು ಆಗತಾನೆ ಟೀಚರ್ ಕೆಲಸ ಸಿಕ್ಕು ಅವರ ಮನೆಯಲ್ಲಿ ಇರಲು ಬಂದಿದ್ದೆ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಯಿತು. ಬೇರೆ ಗಂಡಸರಾದರೆ ಹೆಂಡತಿಯ ಮೇಲೆ ಕೂಗಾಡುತ್ತಾರೆ, ಇಲ್ಲವೆ ಸುಮ್ಮನೆ ಉಂಡು ಏಳುತ್ತಾರೆ. ಮಾವ ಹೊಳಲಿನಲ್ಲಿದ್ದ ಅತ್ತೆಯ ತಾಯಿಗೆ ಕಾರ್ಡು ಬರೆದರು! ವಾರದ ಮೇಲೆ ಉತ್ತರ ಬಂತು. "ಅಳಿಯಂದಿರು ಉಪ್ಪು ಕಡಿಮಿ ಉಣ್ಣೂದು ಒಳ್ಳೇದು, ಮಾತೂ ಹಂಗ." ಮಾವ ಆ ಕಾರ್ಡನ್ನು ಎರಡು ಸಲ ಓದಿ, "ಇವರಿಬ್ಬರೂ ಒಳಗೊಳಗ ಒಂದ ಅದಾರ" ಅಂದರು.

ಮತ್ತೊಂದು ವಿಚಿತ್ರವನ್ನು ಹೇಳಲೇಬೇಕು. ಊರಿಗೆಲ್ಲ ಅರ್ಜಿ ಬರೆದ ಈ ಮನುಷ್ಯ ತಮ್ಮ ಸಹಿಯನ್ನು ಮಾತ್ರ ಎಲ್ಲಿಯೂ ಹಾಕಿದವರಲ್ಲ. ಅರ್ಜಿದಾರರ ಸಹಿ, ಅರ್ಜಿದಾರರ ಹೆಬ್ಬೆಟ್ಟು, ಅಷ್ಟೇ. ಮನೆಗೆ ರಿಜಿಸ್ಟರ್ ಪತ್ರ ಬಂದರೂ ಅತ್ತೆಯೇ ಸಹಿ ಮಾಡಿ ತೆಗೆದುಕೊಳ್ಳಬೇಕು. "ಸಹಿ ಕೊಟ್ರ ಕುತ್ತಿಗಿ ಕೊಟ್ಟಂಗ. ಎಂದ ಯಾವನ್ ಹಿಚುಕ್ತಾನೋ!" ಅನ್ನುತ್ತಿದ್ದರು. ಅತ್ತೆಯ ಕುತ್ತಿಗೆಯ ಬಗ್ಗೆ ಅವರಿಗೆ ಅಂಥ ಚಿಂತೆ ಇದ್ದಂತೆ ಕಾಣಲಿಲ್ಲ.

ಇಂಥವರ ಮನೆಗೆ ಹತ್ತಿರದಲ್ಲೇ ಇದ್ದ ನಮ್ಮ ಶಾಲೆಗೆ, ಎಪ್ಪತ್ತರ ದಶಕದ ಆ ದಿನಗಳಲ್ಲಿ, ಹೊರದೇಶದಿಂದ ಹಿಟ್ಟು ಬರತೊಡಗಿತು. ಹಳದಿ ಬಣ್ಣದ ಹಿಟ್ಟು. ಮಧ್ಯಾಹ್ನ ಅದರಲ್ಲಿ ಉಪ್ಪಿಟ್ಟು ಮಾಡಿ ಮಕ್ಕಳಿಗೆ ಬಡಿಸಬೇಕು. ಮಾವನ ನಿದ್ದೆಯೇ ಹಾರಿಹೋಯಿತು. ಕೇಳದೆಯೇ ಯಾರು ಯಾರಿಗೆ ಏನನ್ನು ಕೊಡುತ್ತಾರೆ? ಅದೂ ಸಮುದ್ರ ದಾಟಿಸಿ? ನನ್ನಿಂದ ಒಂದು ಹಿಡಿ ಹಿಟ್ಟು ತರಿಸಿ, ಮನೆಯ ಕೋಳಿಗೆ ಹಾಕಿ, ಮೂರು ದಿನ ಅದರ ಹಿಂದೆಯೇ ತಿರುಗಿದರು. ಕೋಳಿ ಸಾಯಲಿಲ್ಲ, ತಪ್ಪದೆ ಮೊಟ್ಟೆ ಇಡತೊಡಗಿತು. ಮಾವ ಅದನ್ನು ದುರುಗುಟ್ಟಿ ನೋಡಿ, "ಇದೂ ಅವರ ಕಡೀಗೆ ಹೋತು" ಅಂದರು!

ಉಪ್ಪಿಟ್ಟು ಮಾಡುವವಳು ಹುಲಿಗೆಮ್ಮ. ಗಂಡ ತೀರಿಕೊಂಡ ಮೇಲೆ ಶಾಲೆಯ ಆ ಒಲೆಯೇ ಅವಳಿಗೆ ಆಸರೆ. ಕೈ ದೊಡ್ಡದು, ದನಿ ಇನ್ನೂ ದೊಡ್ಡದು. ನಮ್ಮ ಓಣಿಯ ಮಕ್ಕಳದೊಂದು ರೂಢಿ ಇತ್ತು. ಮನೆಯಲ್ಲಿ ಸಣ್ಣ ಕೂಸಿದ್ದರೆ ದೊಡ್ಡದು ಒಂದೇ ಉಣ್ಣುವುದಿಲ್ಲ. ಬಾಯಿಗಿಟ್ಟ ತುತ್ತನ್ನೂ ನಿಲ್ಲಿಸಿ, "ನಮ್ಮ ತಮ್ಮಗ?" ಅಂತ ಡಬ್ಬಿ ಮುಂದೆ ಹಿಡಿಯುತ್ತಿದ್ದವು. ಹುಲಿಗೆಮ್ಮ ಒಂದು ಸೌಟು ಅದಕ್ಕೂ ಹಾಕಿ ಕಳಿಸುತ್ತಿದ್ದಳು. ಇದರಲ್ಲಿ ತಪ್ಪೇನೆಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ತಪ್ಪು ಹಿಟ್ಟಿನ ತಪಾಸಣೆಗೆಂದು ಜೀಪಿನಲ್ಲಿ ಬಂದ ಸಾಹೇಬರಿಗೆ ಹೊಳೆಯಿತು. ಅವರ ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಫಾರ್ಮು. ಊಟವೆಲ್ಲ ಶಾಲೆಯ ಆವರಣದ ಒಳಗೇ ಆಗಬೇಕು, ತುತ್ತೂ ಹೊರಗೆ ಹೋಗಬಾರದು ಎಂದು ಅದರಲ್ಲಿತ್ತು. ಸರಿಯಾಗಿ ಅದೇ ಹೊತ್ತಿಗೆ ಒಂದು ಹುಡುಗಿ ಡಬ್ಬಿ ಹಿಡಿದು ಗೇಟು ದಾಟಿದಳು. ಸಾಹೇಬರು ಒಂದು ಗೀಟು ಹಾಕಿ ಹೊರಟುಹೋದರು. ತಿಂಗಳೊಳಗೆ ಆದೇಶ ಬಂತು: ಅಡುಗೆಯವಳನ್ನು ತೆಗೆಯಿರಿ, ಇಲ್ಲವಾದರೆ ಶಾಲೆಗೆ ಹಿಟ್ಟು ನಿಲ್ಲುತ್ತದೆ.

ಹುಲಿಗೆಮ್ಮ ಅಳುತ್ತಾ ನಮ್ಮ ಮನೆಗೆ ಬಂದಳು. ಮಾವ ಆದೇಶವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿಯೂ ನೋಡಿದರು. ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಕೂಡ್ಲಿಗಿಯ ಶಿಕ್ಷಣ ಕಚೇರಿಗೆ ನುಗ್ಗಿದರು. ಅಲ್ಲಿದ್ದ ಅಧಿಕಾರಿ ಪಾಪ ಒಳ್ಳೆಯವರು.

"ಇದು ನಮ್ಮ ರೂಲ್ ಅಲ್ರೀ ಯಜಮಾನ್ರ."

"ಮತ್ತ ಯಾರ್ದು? ಬಳ್ಳಾರೇರ್ದಾ?"

"ಅವರ್ದೂ ಅಲ್ಲ."

"ಬೆಂಗ್ಳೂರ್ದಾ? ದಿಲ್ಲೀದಾ?"

"ದಿಲ್ಲೇರು ಬರೇ ಒಪ್ಪಂದಕ್ಕ ಸಹಿ ಹಾಕ್ಯಾರ್ರಿ. ರೂಲ್ ಮಾಡಿದ್ದು ಹಿಟ್ಟು ಕೊಡೋರು. ಎಲ್ಲೋ ಒಂದು ದೇಶದಾಗ ಹಿಟ್ಟು ಸಂತ್ಯಾಗ ಮಾರಾಟ ಆತಂತ. ಅದಕ್ಕ ಎಲ್ಲಾ ದೇಶಕ್ಕೂ ಸೇರಿ ಒಂದ ರೂಲು."

"ಅಂದ್ರ ಕಳವಾಗಿದ್ದು ಯಾವ್ದೋ ದೇಶದಾಗ, ಕಳ್ಳಿ ಸಿಕ್ಕಿದ್ದು ಕೊಟ್ಟೂರಾಗ! ತಗಿಯೂಕಿಂತ ಮೊದ್ಲ ಅವರು ಹುಲಿಗೆಮ್ಮನ್ನ ಒಂದ್ ಮಾತು ಕೇಳಿದ್ರೇನು?"

"ಅವರಿಗೆ ಹುಲಿಗೆಮ್ಮ ಅಂದ್ರ ಯಾರಂತ ಹೆಂಗ ಗೊತ್ತಿರ್ತೈತ್ರಿ?"

"ಗೊತ್ತಿಲ್ದಾಕೀನ ಹೆಂಗ ತಗದ್ರು?"

ಅಧಿಕಾರಿ ಬೆರಳೆತ್ತಿ ಮೇಲೆ ತೋರಿಸಿದರು. ಮೇಲೆ ತಿರುಗದ ಒಂದು ಫ್ಯಾನು ಮಾತ್ರ ಇತ್ತು.

ಹೊರಗೆ ಬಂದ ಮಾವ ಬೇವಿನ ಮರದ ಕೆಳಗೆ ತಮ್ಮ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಬೆವರು ಸುರಿಯುತ್ತಿತ್ತು. ನನಗೆ ಗಾಬರಿ. ನೀರು ತರಲೇ ಅಂದರೆ ಕೈ ಅಲ್ಲಾಡಿಸಿದರು. "ದಿಲ್ಲಿ ಮ್ಯಾಲೂ ಒಬ್ಬಾತ ಅದಾನಂತಲೇ ಹುಡುಗಿ! ಜೀವಮಾನ ಎಲ್ಲಾ ದಿಲ್ಲೀನ ಕಡೀದು ಅಂತ ತಿಳ್ಕೊಂಡಿದ್ದೆ. ನಾ ಬರದ ಒಂದೊಂದು ಅರ್ಜೀಗೂ ಒಂದು ಪ್ರತಿ ಕಡಿಮಿ ಬಿದ್ದೈತಿ!"

ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ದಿಲ್ಲಿ ಕೂಡ ಇನ್ನೊಂದು ತಾಲ್ಲೂಕು ಕಚೇರಿಯೇ ಎಂದು ತಿಳಿದ ದುಃಖ ಸಣ್ಣದೇ? ಅವರ ಅನುಮಾನವನ್ನು ಕಂಡು ನಾವೆಲ್ಲ ನಗುತ್ತಿದ್ದೆವು. ಈಗ ನೋಡಿದರೆ ಅವರು ಅನುಮಾನಪಟ್ಟದ್ದೇ ಕಡಿಮೆ!

ಮೂರನೆಯ ದಿನ ಎದ್ದರು. ಹಿಟ್ಟಿನ ಖಾಲಿ ಚೀಲವನ್ನು ತರಿಸಿ, ಅದರ ಮೇಲೆ ಅಚ್ಚಾಗಿದ್ದ ವಿಳಾಸವನ್ನು ನನ್ನಿಂದ ಓದಿಸಿದರು. ಅವರು ಕನ್ನಡದಲ್ಲಿ ಹೇಳಿದರು, ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. ನಮ್ಮಲ್ಲಿ ಕೂಸಿಗೆ ಕೊಡದೆ ಉಣ್ಣುವ ರೂಢಿ ಇಲ್ಲ. ರೂಲು ಮಾಡುವ ಮೊದಲು ನಮ್ಮನ್ನು ಕೇಳಬೇಕಿತ್ತು. ಶಿಕ್ಷೆ ಕೊಡುವ ಮೊದಲು ಇವಳನ್ನು ಕೇಳಬೇಕಿತ್ತು. ಕೇಳದಿದ್ದುದಕ್ಕೆ ಕಾರಣ ತಿಳಿಸಬೇಕು. ಕೆಳಗೆ ಹುಲಿಗೆಮ್ಮನ ಹೆಬ್ಬೆಟ್ಟು. ಪ್ರತಿ: ದಿಲ್ಲಿ, ಬೆಂಗಳೂರು, ಬಳ್ಳಾರಿ, ಕೂಡ್ಲಿಗಿ. ಮಾವನ ಪ್ರತಿಗಳು ಕೆಳಮುಖವಾಗಿ ಹರಿದದ್ದು ಅದೇ ಮೊದಲು. ಅಂಚೆಯವರ ಮೇಲೆ ನಂಬಿಕೆಯಿಲ್ಲದೆ, ಅಂಚೆಚೀಲ ಏರಿದ ಬಸ್ಸನ್ನೇ ತಾವೂ ಏರಿ ಕೂಡ್ಲಿಗಿಯವರೆಗೆ ಅದರ ಪಕ್ಕದಲ್ಲೇ ಕೂತು ಹೋದರು!

ಉತ್ತರ ಬರುವವರೆಗೆ ಹುಲಿಗೆಮ್ಮನನ್ನು ತೆಗೆಯುವುದು ಬೇಡವೆಂದು ಹೆಡ್‌ಮಾಸ್ತರರಿಗೆ ನಾನು ಕೈಮುಗಿದೆ. ಅವರು ಆದೇಶವನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ, ಕೀಲಿ ಸಿಗುತ್ತಿಲ್ಲ ಅಂದರು. ಅವಳು ದಿನಾ ಒಲೆ ಹಚ್ಚುವಾಗ ಇದೇ ಕೊನೆಯೇನೋ ಎಂದು ನನ್ನ ಮುಖ ನೋಡುತ್ತಿದ್ದಳು.

ಅಂತೂ ಕೊನೆಗೆ ಹೊರದೇಶದ ಉತ್ತರ ಬಂತು. ಬಿಳಿ ಕಾಗದ, ಚೆಂದದ ಟೈಪು. ಬಿಡಿ ಜನರ ಅಹವಾಲನ್ನು ತಾವು ತೆಗೆದುಕೊಳ್ಳುವುದಿಲ್ಲ, ನಿಮ್ಮ ಸರ್ಕಾರದ ಮೂಲಕ ಬನ್ನಿ, ನಿಮ್ಮ ಪತ್ರವನ್ನು ದಿಲ್ಲಿಗೆ ಕಳಿಸಿದ್ದೇವೆ ಎಂದಿತ್ತು. ಮಾವ ಹಲ್ಲು ಕಡಿದರು. "ಕೆಳಗಿನೋರು ಮ್ಯಾಲ ತೋರಿಸ್ತಾರ, ಮ್ಯಾಲಿನೋರು ಕೆಳಗ ತೋರಿಸ್ತಾರ. ನಡುವ ನಿಂತಾಕಿ ಹುಲಿಗೆಮ್ಮ!"

ಆದರೆ ಅವರು ಕಳಿಸಿದ ನಮ್ಮ ಆ ಪತ್ರ ದಿಲ್ಲಿ, ಬೆಂಗಳೂರು, ಬಳ್ಳಾರಿಗಳಲ್ಲಿ ಒಂದೊಂದು ಮುದ್ರೆ ಹೊಡೆಸಿಕೊಂಡು, 'ಸೂಕ್ತ ಕ್ರಮಕ್ಕಾಗಿ' ಎಂದು ಎಲ್ಲರಿಂದಲೂ ಬರೆಸಿಕೊಂಡು ಕೂಡ್ಲಿಗಿಗೆ ಬಂದಿಳಿಯಿತು. ಅಧಿಕಾರಿ ನಮಗೆ ಹೇಳಿಕಳಿಸಿದರು. ಕಾಗದವನ್ನು ಮೇಜಿನ ಮೇಲೆ ಹರಡಿ ತೋರಿಸಿದರು. "ಇಷ್ಟು ಮುದ್ರಿ ಬಿದ್ದ ಕಾಗದಾನ ನಾ ನೋಡೇ ಇಲ್ರೀ. ಏನಾರ ಮಾಡಾಕಬೇಕು."

"ಓದ್ಯಾರೇನ್ರಿ ಯಾರಾರ?" ಅಂದರು ಮಾವ.

"ಓದಿರಾಕಿಲ್ಲ ಬಿಡ್ರಿ. ಓದಿದ್ರ ಇಲ್ಲೀತನ ಬರ್ತಿತ್ತಾ?"

ಅವರೇ ಒಂದು ದಾರಿ ಹುಡುಕಿದ್ದರು. ಅಡುಗೆಯವಳು ಇನ್ನು ಮುಂದೆ ನಿಯಮ ಮೀರುವುದಿಲ್ಲ, ಮೀರಿದರೆ ಕಚೇರಿಯ ಮುಂದೆ ನಾನೇ ಉತ್ತರ ಕೊಡುತ್ತೇನೆ ಎಂದು ಊರಿನ ಒಬ್ಬ ಗೃಹಸ್ಥ ಬರೆದು ಸಹಿ ಮಾಡಿಕೊಟ್ಟರೆ, ಅವಳನ್ನು ಉಳಿಸಿಕೊಳ್ಳಬಹುದು.

ಯಾರು ಮಾಡುತ್ತಾರೆ? ಹೆಡ್‌ಮಾಸ್ತರರೂ ನಾನೂ ನೌಕರಿಯವರು, ನಡೆಯುವುದಿಲ್ಲ. ಹುಲಿಗೆಮ್ಮ ಓಣಿಯ ಒಂದೊಂದು ಬಾಗಿಲಿಗೂ ಹೋಗಿ ಬಂದಳು. ಎಲ್ಲರೂ "ನಾಳಿ ನೋಡೂಣು" ಅಂದರು. ಸಂಜೆ ನಮ್ಮ ಪಡಸಾಲೆಯಲ್ಲಿ ಬಂದು ಕೂತಳು. ಮಾವ ಗೋಡೆಗೆ ಒರಗಿ, "ಬುದ್ಧಿ ಇದ್ದಾತ ಯಾವನೂ ಹಾಕಬಾರ್ದು" ಎಂದು ಗೊಣಗುತ್ತಿದ್ದರು. ಆಮೇಲೆ ಫಕ್ಕನೆ ಅವಳ ಕಡೆ ತಿರುಗಿದರು.

"ಖರೇ ಹೇಳು. ನಾಳೆ ಮತ್ತ ಕೂಸು ಡಬ್ಬಿ ಹಿಡಿದ್ರ ಏನ್ ಮಾಡ್ತಿ?"

ಸುಳ್ಳು ಹೇಳು, ಹುಲಿಗೆಮ್ಮ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನೆಲ ನೋಡಿದಳು.

"ಹಾಕ್ತೀನಿ ಯಪ್ಪಾ. ಹಾಕಲಾರ್ದ ಹೆಂಗಿರ್ಲಿ?"

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅಧಿಕಾರಿ ಹೇಳಿದಂತೆ ನಾನು ಬರೆದಿಟ್ಟಿದ್ದ ಕಾಗದವನ್ನು ನನ್ನ ಕೈಯಿಂದ ಎಳೆದುಕೊಂಡರು. ಜೀವಮಾನದಲ್ಲಿ ತಮ್ಮ ಹೆಸರನ್ನೇ ಬರೆಯದ ಕೈ, ಒಂದನೆಯ ಇಯತ್ತೆಯ ಮಗುವಿನ ಹಾಗೆ ಒಂದೊಂದೇ ಅಕ್ಷರವನ್ನು ಕೂರಿಸಿತು. ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತುಬಿಟ್ಟಳು.

"ಎಷ್ಟು ಪ್ರತಿ ಮಾಡ್ಲಿ ಮಾವ?" ಅಂದೆ.

"ಬ್ಯಾಡ" ಅಂದರು. "ಒಂದ ಸಾಕು."

ಮರುದಿನದಿಂದ ಮಾವ ಕೂಡ್ಲಿಗಿಗೆ ಹೋಗುವುದನ್ನು ಬಿಟ್ಟರು. ಮಧ್ಯಾಹ್ನ ಉಪ್ಪಿಟ್ಟಿನ ಹೊತ್ತಿಗೆ ಶಾಲೆಯ ಗೇಟಿನ ಹತ್ತಿರ ಬಂದು, ಕೈ ಹಿಂದೆ ಕಟ್ಟಿ, ಹುಬ್ಬು ಗಂಟಿಕ್ಕಿ ನಿಲ್ಲತೊಡಗಿದರು. ಮುದುಕ ಸಹಿ ಹಾಕಿ ಕೆಟ್ಟ, ಈಗ ಹುಲಿಗೆಮ್ಮನ ಮೇಲೆ ಕಾವಲು ನಿಂತಾನೆ ಎಂದು ಓಣಿ ನಕ್ಕಿತು. ನನಗೂ ಹಾಗೇ ಅನ್ನಿಸಿ ಸಿಟ್ಟು ಬಂತು. ಒಂದು ದಿನ ಬಿಸಿಲಲ್ಲಿ ಅವರ ಹತ್ತಿರ ಹೋದೆ.

"ಇನ್ನೂ ಆಕಿ ಮ್ಯಾಲ ಅನುಮಾನ ಹೋಗ್ಲಿಲ್ಲೇನು ಮಾವ?"

ಅವರು ನನ್ನ ಕಡೆ ತಿರುಗಲಿಲ್ಲ. ಆಗ ಗಮನಿಸಿದೆ. ಅವರ ಬೆನ್ನು ಶಾಲೆಯ ಕಡೆಗಿತ್ತು. ಕಣ್ಣು ಕೂಡ್ಲಿಗಿಯ ರಸ್ತೆಯ ಮೇಲಿತ್ತು.

"ಜೀಪು ಬಂದ್ರ ಕೆಮ್ತೀನಂತ ಆಕೀಗೆ ಹೇಳೀನಿ" ಅಂದರು. "ನೀ ಒಳಗ ಹೋಗು. ಡಬ್ಬೀಗೆ ಲಗೂನ ಹಾಕ್ಸು. ಕೂಸುಗಳು ಹಸದಿರ್ತಾವ."

ನಾನು ಒಳಗೆ ಹೋದೆ. ಹುಲಿಗೆಮ್ಮ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಬಡಿಸುತ್ತಿದ್ದಳು. ನಾನೂ ಒಂದು ಸೌಟು ಹಿಡಿದು ಅವಳ ಪಕ್ಕ ಕೂತೆ. ಅಳು ಬಂದುಬಿಟ್ಟಿತ್ತು.

"ಯಾಕ್ರಿ ಅಕ್ಕೋರೆ?" ಅಂದಳು.

ಹೊಗೆ ಅಂದೆ.