ನಾನು ಹಗ್ಗ ಕಟ್ಟಿದ ಕಂಬ

ಈ ಸಲ ಶೋಲ್ಮಳ ಹೆರಿಗೆ ನನ್ನ ಜವಾಬ್ದಾರಿ ಎಂದು ನಾನು ಮೇಜು ಗುದ್ದಿ ಘೋಷಿಸಿದೆ! ಶೋಲ್ಮ ಅಂದರೆ ನಮ್ಮ ಹಸು. ಮನೆಗೆ ಇರುವುದು ಅದೊಂದೇ. ಹೋದ ವರ್ಷದ ಕರು ಉಳಿಯಲಿಲ್ಲ. ಈ ವರ್ಷ ನೋಡಿದರೆ ನನ್ನ ಹೆಂಡತಿ ಓಸ್ಲಾ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಉಳುಕಿಸಿಕೊಂಡು ಕೂತಿದ್ದಾಳೆ. ಶೆಟ್‌ಲೆಂಡಿನ ತುದಿಯ ನಮ್ಮ ದ್ವೀಪಕ್ಕೆ ಪಶುವೈದ್ಯರು ಬರಬೇಕಾದರೆ ದೋಣಿ ಬರಬೇಕು, ದೋಣಿ ಬರಬೇಕಾದರೆ ಸಮುದ್ರದ ಸಿಟ್ಟು ಇಳಿಯಬೇಕು. ಸಮುದ್ರಕ್ಕೆ ನನಗಿಂತ ಸಿಟ್ಟು ಜಾಸ್ತಿ!

ಮಧ್ಯಾಹ್ನ ಹಿಮ ಶುರುವಾಯಿತು. ನಮ್ಮಲ್ಲಿ ಅದು ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಬಂದು ಕಪಾಳಕ್ಕೆ ಬಾರಿಸುತ್ತದೆ. ಆ ಗಾಳಿಯಲ್ಲೂ ಕೊಟ್ಟಿಗೆಯಿಂದ ಶೋಲ್ಮಳ ಕೂಗು ಕೇಳಿಸಿತು. ನಾನು ಸೇನಾಪತಿಯಂತೆ ಎದ್ದು ನಿಂತೆ.

"ಲೌರಿ, ಹಗ್ಗ!" ಅಂದಳು ಓಸ್ಲಾ.

ಮನೆಬಾಗಿಲಿನಿಂದ ಕೊಟ್ಟಿಗೆಯವರೆಗೆ ಹಗ್ಗ ಕಟ್ಟಿ, ಹಿಮಗಾಳಿಯಲ್ಲಿ ಅದನ್ನು ಹಿಡಿದು ಓಡಾಡುವುದು ಇಲ್ಲಿನವರ ಪದ್ಧತಿ. ಎಲ್ಲರೂ ಚಳಿಗಾಲಕ್ಕೆ ಮೊದಲೇ ಕಟ್ಟುತ್ತಾರೆ. ನಾನು ಕಟ್ಟಿರಲಿಲ್ಲ.

"ನನ್ನ ಅಂಗಳದಲ್ಲಿ ನನಗೇ ಹಗ್ಗ ಬೇಕಾ? ನಾನೇನು ದನಾನಾ?"

"ದನ ಆಗಿದ್ರೆ ಒಂದ್ಸಲ ಹೇಳಿದ್ರೆ ಕೇಳ್ತಿತ್ತು."

"ಕೊಡು ಇಲ್ಲಿ! ಈ ದ್ವೀಪದಲ್ಲೇ ಯಾರೂ ಕಟ್ಟದ ಹಾಗೆ ಕಟ್ತೀನಿ!"

ಆ ಮಾತನ್ನು ನಾನು ಅಕ್ಷರಶಃ ಉಳಿಸಿಕೊಂಡೆ.

ಒಂದು ತುದಿಯನ್ನು ಬಾಗಿಲಿನ ಬಳೆಗೆ ಬಿಗಿದು, ಸುರುಳಿ ಬಿಚ್ಚುತ್ತಾ ಹೊರಟೆ. ನನ್ನ ಕೈ ನನಗೇ ಕಾಣಿಸುತ್ತಿಲ್ಲ! ಗಾಳಿ ಒಮ್ಮೆ ಎಡಕ್ಕೆ ನೂಕಿತು, ಒಮ್ಮೆ ಬಲಕ್ಕೆ. ಗಾಳಿಗೂ ಹಿಮಕ್ಕೂ ಬಾಯಿ ತುಂಬ ಬೈಯುತ್ತಾ ನಡೆದೆ. ಧಡ್! ಹಿಮ ಮೆತ್ತಿಕೊಂಡ, ಸೊಂಟದೆತ್ತರದ ಗಟ್ಟಿ ವಸ್ತು. ಕೊಟ್ಟಿಗೆಯ ಪಕ್ಕದ ಬೇಲಿಕಂಬ! ಅಪ್ಪ ಕಲಿಸಿದ ದೋಣಿಗಂಟು ಹಾಕಿ, ಬಿಗಿದು, ಭೇಷ್ ಎಂದು ಕಂಬದ ತಲೆ ತಟ್ಟಿದೆ.

ಹಗ್ಗ ಹಿಡಿದು ವಾಪಸು ಬಂದೆ.

"ಕಟ್ಟಿದೆ! ಬಿರುಗಾಳಿ ಬಂದ್ರೂ ಬಿಚ್ಚಲ್ಲ. ಶೋಲ್ಮಳ ಬಿಸಿ ಗಂಜಿ ಕೊಡು."

"ಕೊಟ್ಟಿಗೆ ಬಾಗಿಲು ನೋಡ್ದಾ?"

"ಕಂಬ ಸಿಕ್ಕಿದ ಮೇಲೆ ಬಾಗಿಲು ಎಲ್ಲಿಗೆ ಹೋಗುತ್ತೆ?"

ಬಕೆಟ್ ಹಿಡಿದು ಹೊರಬಿದ್ದೆ. ಎಷ್ಟು ಬೇಗ ಕಂಬ ಸಿಕ್ಕಿತು ಅಂತೀರಿ! ಅದೇ ಎದುರಿಗೆ ಬಂದಂತಿತ್ತು. ಪಕ್ಕದಲ್ಲೇ ಕಲ್ಲುಗೋಡೆ. ಸರಿ, ಕೊಟ್ಟಿಗೆಯದೇ ಎಂದು ಹಗ್ಗ ಬಿಟ್ಟು, ಗೋಡೆ ಸವರುತ್ತಾ ಬಾಗಿಲು ಹುಡುಕಿದೆ. ಒಂದು ಮೂಲೆ ತಿರುಗಿದೆ, ಇನ್ನೊಂದು ಮೂಲೆ ತಿರುಗಿದೆ. ಬಾಗಿಲಿಲ್ಲ. ಬೆನ್ನ ಹಿಂದೆ ಯಾರೋ ಬಿಸಿಯುಸಿರು ಬಿಟ್ಟ ಹಾಗಾಯಿತು. ಹೆಜ್ಜೆ ಜೋರು ಮಾಡಿದೆ, ಉಸಿರೂ ಜೋರಾಯಿತು. ಮತ್ತೊಂದು ಮೂಲೆ ತಿರುಗಿದರೆ ಕಿಟಕಿ! ಅರೆ, ನಮ್ಮ ಕೊಟ್ಟಿಗೆಗೆ ಕಿಟಕಿ ಯಾವಾಗ ಬಂತು? ಇಣುಕಿದೆ. ಒಳಗೆ ಒಲೆ ಉರಿಯುತ್ತಿದೆ, ಕೆಟಲ್ ಕುದಿಯುತ್ತಿದೆ, ಹೆಂಗಸೊಬ್ಬಳು ಎಡಗೈಯಲ್ಲಿ ಬಾಗಿಲು ಎಳೆಯುತ್ತಾ ಬೈಯುತ್ತಿದ್ದಾಳೆ.

ಬೈಗುಳ ಪರಿಚಯದ್ದು.

ಅವಳು ಬಂದು ಕಿಟಕಿ ಮೇಲೆತ್ತಿದಳು. "ಲೌರಿ! ಬಾಗಿಲು ಬರ್ತಿಲ್ಲ! ಏನ್ ಮಾಡ್ದೆ?"

"ನಾನು ಏನೂ ಮಾಡಿಲ್ಲ! ಕೊಟ್ಟಿಗೆಗೆ ಹೋಗ್ತಿದೀನಿ!"

"ಮನೆ ಸುತ್ತಾನಾ? ಹಿಂದೆ ನೋಡು!"

ನೋಡಿದೆ. ನನ್ನ ಕಂಬ ಬಕೆಟ್ಟಿಗೆ ಮೂತಿಯಿಟ್ಟು ಗಂಜಿ ಹೊಡೆಯುತ್ತಿತ್ತು!

ಅದು ಟಿರಿಕ್. ನಮ್ಮ ಗಿಡ್ಡ ಕುದುರೆ. ಚಳಿಗಾಲವಿಡೀ ಗಾಳಿಗೆ ಬೆನ್ನು ಕೊಟ್ಟು ಅಲ್ಲಾಡದೆ ನಿಲ್ಲುವ ಮಹಾಸೋಮಾರಿ ಪ್ರಾಣಿ, ಗಂಜಿ ಬಕೆಟ್ ಸದ್ದಾದರೆ ಮಾತ್ರ ಜೀವ ಬರುತ್ತದೆ. ಅದರ ಕುತ್ತಿಗೆಗೆ ಅಪ್ಪನ ದೋಣಿಗಂಟು. ಹಗ್ಗ ಮನೆಯನ್ನು ಸುತ್ತಿ, ಬಾಗಿಲನ್ನು ಹೊರಗಿನಿಂದ ಜಗ್ಗಿ ಹಿಡಿದಿತ್ತು. ನಮ್ಮ ಕ್ರಿಸ್‌ಮಸ್ಸಾದ ಯೂಲ್ ಹಬ್ಬದ ಉಡುಗೊರೆಯ ಹಾಗೆ ನಾನು ಹೆಂಡತಿ ಸಮೇತ ಮನೆಯನ್ನೇ ಪೊಟ್ಟಣ ಕಟ್ಟಿದ್ದೆ!

ಆಗ ಶೋಲ್ಮ ಕೂಗಿತು. ಹೋದ ವರ್ಷ ಕೇಳಿದ್ದ ಅದೇ ಕೂಗು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಓಸ್ಲಾ ಒಂದೇ ಕೈಯಲ್ಲಿ ಕಿಟಕಿ ಹತ್ತಿ ನನ್ನ ಮೇಲೆ ಬಿದ್ದಳು.

"ಹಗ್ಗ ಕುಯ್ಯಿ! ಟಿರಿಕ್‌ಗೆ ಕೊಟ್ಟಿಗೆ ದಾರಿ ಗೊತ್ತು, ಓಟ್ಸ್ ಮೂಟೆ ಇರೋದು ಅಲ್ಲೇ. ಬಾಲ ಹಿಡ್ಕೋ!"

"ನಾನು, ಕುದುರೆ ಬಾಲಾನಾ?"

"ತಲೆ ಹಿಡಿದಾಗ ಏನಾಯ್ತು ನೋಡಿದ್ವಲ್ಲ!"

ಹಿಡಿದೆ. ಟಿರಿಕ್ ಮೂಗಿನ ನೇರಕ್ಕೆ ಹೋಗಿ ಕೊಟ್ಟಿಗೆ ಬಾಗಿಲಿಗೆ ತಲೆ ಕೊಟ್ಟು ನಿಂತಿತು. ಒಳಗೆ ಕರುವಿನ ಒಂದು ಕಾಲು ಮಾತ್ರ ಹೊರಗೆ, ಇನ್ನೊಂದು ಒಳಗೇ ಮಡಚಿತ್ತು.

"ಕೈ ಹಾಕು. ಮೊದ್ಲು ಹಿಂದಕ್ಕೆ ತಳ್ಳು. ಗೊರಸನ್ನ ಅಂಗೈಲಿ ಮುಚ್ಕೋ."

"ಸಿಕ್ತಿಲ್ಲ ಓಸ್ಲಾ!"

"ಬೈಬೇಡ, ಹುಡುಕು!"

ಸಿಕ್ಕಿತು! ತಿರುಗಿಸಿದೆ, ಎಳೆದೆ. ಕರು ನನ್ನ ಮಡಿಲಿಗೇ ಜಾರಿತು. ಉಸಿರಿಲ್ಲ. ಓಸ್ಲಾ ಹುಲ್ಲುಕಡ್ಡಿಯಿಂದ ಅದರ ಮೂಗು ಕೆದಕಿದಳು, ನಾನು ಕೋಟಿನಿಂದ ಮೈ ಉಜ್ಜಿದೆ, ಉಜ್ಜಿದೆ, ಉಜ್ಜಿದೆ. ಆಕ್ಷೀ! ನನ್ನ ಮುಖದ ತುಂಬ ಸೀನಿತು! ಅಷ್ಟು ಚೆಂದದ ಸೀನನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೂತಲ್ಲೇ ಅತ್ತೆ. ಓಸ್ಲಾಳೂ ಅತ್ತಳು, ನಡುನಡುವೆ ನಕ್ಕಳು.

"ಇದ್ರ ಹೆಸರು ನಾನಿಡ್ತೀನಿ," ಅಂದಳು.

"ಇಡು, ಇಡು!" ಎಂದೆ, ಮಹಾ ಉದಾರಿಯಂತೆ.

ಇಟ್ಟಳು: ಕಂಬ.

ಈಗ ದ್ವೀಪದವರೆಲ್ಲ ಬಂದು, ಇದೆಂಥ ಹೆಸರು ಎಂದು ಕೇಳುತ್ತಾರೆ. ಓಸ್ಲಾ ಚಹಾ ಕೊಟ್ಟು ಮೊದಲಿನಿಂದ ಹೇಳುತ್ತಾಳೆ. ನಾನು ಸಿಟ್ಟಿಗೆದ್ದು ಹೊರಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಆಮೇಲೆ ಅವಳು ಬಕೆಟ್ ಬಡಿದು, "ಕಂಬಾ, ಬಾರೋ!" ಎಂದು ಕೂಗುತ್ತಾಳೆ. ಕರು ಬರುತ್ತದೆ. ಟಿರಿಕ್ ಬರುತ್ತದೆ.

ಚಳಿ ಜಾಸ್ತಿಯಿದ್ದರೆ, ನಾನೂ ಬರುತ್ತೇನೆ.